ಜಿಲ್ಲೆಯಲ್ಲಿ ವಿರೋಧ, ಸಂಪುಟದಲ್ಲಿ ಮೌನ: ಮಂತ್ರಿಯಾದವರಿಗೆ ಎರಡೂ ಆಗುತ್ತಾ?

ಗುಬ್ಬಿಯವನು

ಹೇಮಾವತಿ ನೀರನ್ನು ಕುಣಿಗಲ್ ಕಡೆ ಒಯ್ಯೋ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಗಲಾಟೆ ತುಮಕೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 2025ರ ಮೇ ಕೊನೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ರೈತರು, ಸ್ವಾಮೀಜಿಗಳು, ಶಾಸಕರು ಎಲ್ಲರೂ ಬೀದಿಗೆ ಇಳಿದಿದ್ದರು. ನೀರು ಕುಣಿಗಲ್ ಕಡೆ ಹೋಗಬೇಕಾ ಬೇಡವಾ ಅಂತ ಇಲ್ಲಿ ಮತ್ತೆ ಶುರು ಮಾಡಬೇಡಿ, ಆ ಜಗಳಕ್ಕೆ ಬೇರೆ ಜಾಗ ಇದೆ.

ನನ್ನ ಪ್ರಶ್ನೆ ಇಷ್ಟೇ. ಆಗ ಸಂಪುಟದಲ್ಲಿ ನಮ್ಮ ಜಿಲ್ಲೆಯವರು ಇಬ್ಬರು ಇದ್ದರು. ಒಳಗೆ ಅವರು ಏನು ಹೇಳಿದರು ಅಂತ ನಮಗೆ ಗೊತ್ತಾಗೋದೇ ಇಲ್ಲ. ಯಾವ ಪಕ್ಷದ ಮಂತ್ರಿಯನ್ನು ಕೇಳಿದರೂ ಇಂಥ ವಿಷಯದಲ್ಲಿ ‘ಅದು ಸಂಪುಟದ ತೀರ್ಮಾನ’ ಅಂತ ಜಾರಿಕೊಳ್ಳುತ್ತಾರೆ. ವೋಟು ಹಾಕಿದ್ದು ನಾವು. ನಮ್ಮ ಪರ ಮಾತಾಡಿದರಾ ಇಲ್ಲವಾ ಅಂತ ಕೇಳೋ ಹಕ್ಕು ನಮಗಿಲ್ವಾ? ಮಂತ್ರಿ ಆಗಿದ್ದುಕೊಂಡೇ ‘ಈ ತೀರ್ಮಾನ ತಪ್ಪು’ ಅಂತ ಹೇಳೋಕೆ ಆಗಲ್ವಾ?

ತಿಪಟೂರು ಕೊಬ್ಬರಿ

ಹೇಳಬಹುದು ಗುರು. ಸಾಯಂಕಾಲದ ಹೊತ್ತಿಗೆ ಮಾಜಿ ಮಂತ್ರಿ ಆಗಿರುತ್ತಾರೆ ಅಷ್ಟೇ.

ಮಧುಗಿರಿ ಮೇಷ್ಟ್ರು

ಕೊಬ್ಬರಿಯವರು ತಮಾಷೆಗೆ ಹೇಳಿದರೂ ಉತ್ತರ ಅದೇ. ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ, ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ.

ಸಂವಿಧಾನದ 164ನೇ ವಿಧಿಯ 2ನೇ ಉಪವಿಧಿ ನೋಡಿ. ಮಂತ್ರಿ ಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಕೇಂದ್ರಕ್ಕೆ ಇದೇ ಮಾತು 75(3)ರಲ್ಲಿ ಇದೆ, ಅಲ್ಲಿ ಲೋಕಸಭೆಗೆ ಹೊಣೆ. ಇದರಿಂದ ಎರಡು ಸಂಗತಿ ಹುಟ್ಟುತ್ತವೆ. ಸದನ ವಿಶ್ವಾಸ ಕಳೆದುಕೊಂಡರೆ ಒಬ್ಬ ಮಂತ್ರಿ ಹೋಗುವುದಿಲ್ಲ, ಪೂರ್ತಿ ಸರ್ಕಾರ ಹೋಗುತ್ತದೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಸೋತಾಗ ಎಲ್ಲರೂ ಒಟ್ಟಿಗೆ ಮನೆಗೆ ಹೋದರು. ಎರಡನೆಯದು, ಒಳಗೆ ಎಷ್ಟು ಬೇಕಾದರೂ ಜಗಳ ಆಡಬಹುದು, ಹೊರಗೆ ಬಂದ ಮೇಲೆ ಒಂದೇ ಮಾತು. ಒಪ್ಪಿಗೆ ಇಲ್ಲದಿದ್ದರೆ ರಾಜೀನಾಮೆ.

ಹಾಗೆ ಬಿಟ್ಟು ಹೋದವರೂ ಇದ್ದಾರೆ. ಅಲ್ಪಸಂಖ್ಯಾತರ ರಕ್ಷಣೆಗೆ ಪಾಕಿಸ್ತಾನದ ಜೊತೆ ಆದ ನೆಹರೂ–ಲಿಯಾಕತ್ ಒಪ್ಪಂದ ಒಪ್ಪದೆ 1950ರಲ್ಲಿ ಶ್ಯಾಮಪ್ರಸಾದ್ ಮುಖರ್ಜಿ ಹೊರಬಂದರು. ಹಿಂದೂಗಳ ಮದುವೆ, ಆಸ್ತಿ ಕಾನೂನು ಸುಧಾರಿಸುವ ಹಿಂದೂ ಕೋಡ್ ಬಿಲ್ ನೆನೆಗುದಿಗೆ ಬಿದ್ದಿತು ಅಂತ 1951ರಲ್ಲಿ ಅಂಬೇಡ್ಕರ್ ಹೊರಬಂದರು. 1956ರಲ್ಲಿ ಸಿ.ಡಿ. ದೇಶಮುಖ್ ಹಣಕಾಸು ಖಾತೆ ಬಿಟ್ಟದ್ದು ಬಾಂಬೆ ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸದ ವಿಚಾರಕ್ಕೆ. ಗುಬ್ಬಿಯವನು ಕೇಳುತ್ತಿರುವುದಕ್ಕೆ ಇದೇ ಹತ್ತಿರದ ಉದಾಹರಣೆ. ತನ್ನ ಪ್ರದೇಶದ ವಿರುದ್ಧ ತೀರ್ಮಾನ ಆಗುತ್ತಿದೆ ಅನಿಸಿತು, ಕುರ್ಚಿ ಬಿಟ್ಟರು.

ಶಿರಾ ರೋಡ್

ಮೇಷ್ಟ್ರೇ, ಉದಾಹರಣೆ ಎಲ್ಲಾ ಐವತ್ತರ ದಶಕದ್ದೇ. ಈಚೆಗೆ ಒಂದೂ ಸಿಗಲಿಲ್ವಾ?

ಮಧುಗಿರಿ ಮೇಷ್ಟ್ರು

ಇಂಗ್ಲೆಂಡಿನಲ್ಲಿ ರಾಬಿನ್ ಕುಕ್, 2003. ಇರಾಕ್ ಯುದ್ಧ ಒಪ್ಪದೆ ಟೋನಿ ಬ್ಲೇರ್ ಸಂಪುಟದಿಂದ ಹೊರಬಂದರು. ನಮ್ಮಲ್ಲಿ ಈಚೆಗೆ ತಾವಾಗಿ ಬಿಡುವವರಿಗಿಂತ ತೆಗೆಸಿಕೊಳ್ಳುವವರೇ ಜಾಸ್ತಿ, ಒಪ್ಪುತ್ತೇನೆ.

ಅದಕ್ಕೆ ನಮ್ಮ ಮಧುಗಿರಿಯೇ ಸಾಕ್ಷಿ. 2025ರ ಆಗಸ್ಟ್‌ನಲ್ಲಿ ಸಹಕಾರ ಸಚಿವ ಕೆ.ಎನ್. ರಾಜಣ್ಣ ಅವರನ್ನು ಸಂಪುಟದಿಂದ ಕೈಬಿಟ್ಟರು. ಮತದಾರರ ಪಟ್ಟಿ ವಿಚಾರದಲ್ಲಿ ಅವರು ಆಡಿದ ಮಾತು ಪಕ್ಷದ ಹೋರಾಟಕ್ಕೇ ಅಡ್ಡ ಬಂತು. ಮುಖ್ಯಮಂತ್ರಿ ಶಿಫಾರಸು ಮಾಡಿದರು, ರಾಜ್ಯಪಾಲರು ಆದೇಶ ಹೊರಡಿಸಿದರು. ಮಂತ್ರಿ ರಾಜ್ಯಪಾಲರ ಇಚ್ಛೆ ಇರುವಷ್ಟು ಕಾಲ ಇರುತ್ತಾರೆ ಅಂತ ಸಂವಿಧಾನ ಹೇಳಿದರೂ ಆ ಇಚ್ಛೆಯ ಬೀಗದ ಕೈ ಇರೋದು ಮುಖ್ಯಮಂತ್ರಿ ಹತ್ತಿರ. 2023ರ ಜೂನ್‌ನಲ್ಲಿ ತಮಿಳುನಾಡಿನ ರಾಜ್ಯಪಾಲರು ಮುಖ್ಯಮಂತ್ರಿ ಶಿಫಾರಸು ಇಲ್ಲದೆ ಸೆಂಥಿಲ್ ಬಾಲಾಜಿ ಅವರನ್ನು ವಜಾ ಮಾಡಿದರು. ಕೆಲವೇ ಗಂಟೆಗಳಲ್ಲಿ ಆ ಆದೇಶವನ್ನು ತಾವೇ ತಡೆಹಿಡಿಯಬೇಕಾಯಿತು.

ಕುಣಿಗಲ್ ಕಡೆಯವಳು

ನೀರಿನ ವಿಷಯ ಬೇಡ ಅಂದಿದ್ದೀರಿ, ಸರಿ. ಆದರೆ ಒಂದು ಮಾತು ಕೇಳಿ ಅಣ್ಣ. ನಿಮ್ಮ ತಾಲ್ಲೂಕಿಗೆ ಆಗದ ತೀರ್ಮಾನವನ್ನು ಮಂತ್ರಿ ಹೊರಗೆ ನಿಂತು ಬೈಯಬಹುದು ಅಂದರೆ, ನನ್ನ ತಾಲ್ಲೂಕಿಗೆ ಆಗದ್ದನ್ನು ಇನ್ನೊಬ್ಬ ಮಂತ್ರಿಯೂ ಬೈಯುತ್ತಾರೆ. ಆಗ ಯಾವ ತೀರ್ಮಾನಕ್ಕೆ ಯಾರು ಜವಾಬ್ದಾರಿ? ಕಾಮಗಾರಿ ಹಾಳಾದಾಗ ‘ನಾನು ಅವತ್ತೇ ಬೇಡ ಅಂದಿದ್ದೆ’ ಅಂತ 30 ಜನ ಹೇಳುತ್ತಾರೆ. ಕುಣಿಗಲ್ಲಿನವರಾದ ನಾವೂ ತುಮಕೂರು ಜಿಲ್ಲೆಯವರೇ ಅನ್ನೋದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ!

ಮಧುಗಿರಿ ಮೇಷ್ಟ್ರು

ಮೇಡಂ, ಸಾಮೂಹಿಕ ಹೊಣೆ ಯಾಕೆ ಬೇಕು ಅಂತ ನನಗಿಂತ ಚೆನ್ನಾಗಿ ಹೇಳಿದಿರಿ. ಅದು ಮಂತ್ರಿಗಳಿಗೆ ಬಾಯಿ ಮುಚ್ಚಿಸೋಕೆ ಇರುವ ನಿಯಮ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಸಲಿಗೆ ಅದು ತಪ್ಪಿಸಿಕೊಳ್ಳುವ ದಾರಿ ಮುಚ್ಚುವ ನಿಯಮ. ಸದನಕ್ಕೆ ಕತ್ತುಪಟ್ಟಿ ಹಿಡಿಯೋಕೆ ಯಾರಾದರೂ ಸಿಗಬೇಕಲ್ಲ.

ಶಿರಾ ರೋಡ್

ಪುಸ್ತಕದಲ್ಲಿ ಚೆನ್ನಾಗಿದೆ. ವಾಸ್ತವದಲ್ಲಿ ತೀರ್ಮಾನ ಆಗೋದು ದೆಹಲಿಯ ಹೈಕಮಾಂಡ್‌ನಲ್ಲಿ, ಇಲ್ಲವಾ ಮುಖ್ಯಮಂತ್ರಿ ಮನೆಯ ತಿಂಡಿ ಮೇಜಿನಲ್ಲಿ. ಸಂಪುಟ ಸಭೆ ಅಂದರೆ ಬೋಂಡಾ ತಿಂದು ತಲೆ ಅಲ್ಲಾಡಿಸೋ ಕಾರ್ಯಕ್ರಮ. ಮಂತ್ರಿ ಒಳಗೆ ಏನು ಹೇಳಿದರು ಅಂತ ತಲೆ ಕೆಡಿಸಿಕೊಳ್ಳೋದೇ ದಂಡ. ಏನೂ ಹೇಳಿರಲ್ಲ.

ಹಳೇ ಸೆಕ್ಷನ್ ಆಫೀಸರ್

ಬೋಂಡಾ ನಿಜ. ಮಿಕ್ಕಿದ್ದು ಅರ್ಧ ನಿಜ. ಬೆಂಗಳೂರಿನಲ್ಲಿ ಸರ್ಕಾರದ ಇಲಾಖೆಗಳಿರುವ ಎಂ.ಎಸ್. ಬಿಲ್ಡಿಂಗಿನಲ್ಲಿ ಕೂತು ಕಡತ ಓಡಿಸಿದವನು ನಾನು, ಈಗ ನಿವೃತ್ತನಾಗಿ ತುಮಕೂರಿನಲ್ಲಿ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಸಂಪುಟಕ್ಕೆ ಬರುವ ವಿಷಯ ಆಕಾಶದಿಂದ ಇಳಿಯುವುದಿಲ್ಲ. ಇಲಾಖೆಯಲ್ಲಿ ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಾರೆ. ಅದು ಸೆಕ್ಷನ್ ಆಫೀಸರ್, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಂತ ಹತ್ತಿ ಇಲಾಖೆ ಕಾರ್ಯದರ್ಶಿಗೆ ಹೋಗುತ್ತದೆ, ಅಲ್ಲಿಂದ ಮಂತ್ರಿಗೆ. ದುಡ್ಡಿನ ಮಾತು ಇದ್ದರೆ ಆರ್ಥಿಕ ಇಲಾಖೆ ಸಹಮತಿ ಬೇಕು. ಕಾನೂನಿನ ತೊಡಕು ಇದ್ದರೆ ಕಾನೂನು ಇಲಾಖೆ ಅಭಿಪ್ರಾಯ. ಇದೆಲ್ಲ ಸೇರಿಸಿ ಸಚಿವ ಸಂಪುಟ ಟಿಪ್ಪಣಿ ತಯಾರಾಗುತ್ತದೆ. ಮುಖ್ಯಮಂತ್ರಿ ಒಪ್ಪಿದ ಮೇಲೆಯೇ ವಿಷಯ ಪಟ್ಟಿಗೆ ಬರೋದು. ಮುಖ್ಯ ಕಾರ್ಯದರ್ಶಿಯೇ ಸಂಪುಟದ ಕಾರ್ಯದರ್ಶಿ. ಯಾವ ವಿಷಯ ಸಂಪುಟಕ್ಕೆ ಬರಬೇಕು, ಯಾವುದನ್ನು ಮಂತ್ರಿ ತಾವೇ ಮುಗಿಸಬಹುದು ಅಂತ 1977ರ ಕರ್ನಾಟಕ ಸರ್ಕಾರದ ವ್ಯವಹಾರ ನಿರ್ವಹಣಾ ನಿಯಮಗಳಲ್ಲಿ ಬರೆದಿದೆ. ಸಂವಿಧಾನದ 166ನೇ ವಿಧಿಯ ಕೆಳಗೆ ಮಾಡಿದ ನಿಯಮ ಅದು. ನಾವು ಮಂತ್ರಿ ಮಾತಿಗಿಂತ ಜಾಸ್ತಿ ಅದಕ್ಕೇ ಹೆದರುತ್ತಿದ್ದದ್ದು.

ಹಾಗಾಗಿ ಸಭೆಯಲ್ಲಿ ಭಾಷಣ ನಡೆಯುವುದು ಕಡಿಮೆ. ವಿರೋಧ ಮಾಡೋಕೆ ಬುದ್ಧಿ ಇರುವ ಮಂತ್ರಿ ಗುರುವಾರದ ಸಭೆಗೆ ಕಾಯುವುದಿಲ್ಲ. ಕಡತ ಅರ್ಧ ದಾರಿಯಲ್ಲಿ ಇರುವಾಗಲೇ ಕೆಲಸ ಶುರು ಮಾಡುತ್ತಾರೆ. ಆರ್ಥಿಕ ಇಲಾಖೆಯಿಂದ ಒಂದು ಪ್ರಶ್ನೆ ಏಳಿಸುತ್ತಾರೆ. ‘ಚರ್ಚಿಸಿ’ ಅಂತ ಒಂದು ಪದ ಬರೆಸುತ್ತಾರೆ. ಆ ಒಂದು ಪದಕ್ಕೆ ಕಡತ ತಿಂಗಳುಗಟ್ಟಲೆ ಕೂತದ್ದನ್ನು ನೋಡಿದ್ದೇನೆ. ಸಭೆಗೇ ಬಂದರೂ ‘ಮುಂದೂಡಿ’ ಅಂತ ಕೇಳಬಹುದು, ಉಪಸಮಿತಿಗೆ ಕಳಿಸಿ ಅನ್ನಬಹುದು. ವೋಟು ಹಾಕುವ ಪದ್ಧತಿ ಇಲ್ಲ. ಮುಖ್ಯಮಂತ್ರಿ ಎಲ್ಲರ ಮಾತು ಕೇಳಿ ‘ಸರಿ, ಒಪ್ಪಿದೆ’ ಅಂದರೆ ಮುಗಿಯಿತು.

ಇಷ್ಟಾದ ಮೇಲೆ ಹೊರಬರುವುದು ಸರ್ಕಾರಿ ಆದೇಶ. ಅದನ್ನು ಓದೋದು ಕಲಿಯಿರಿ ಅಂತ ನನ್ನ ಸಲಹೆ. ಮೇಲೆ ‘ಓದಲಾಗಿದೆ’ ಅಂತ ಇರುತ್ತದೆ, ಅಲ್ಲಿ ಹಿಂದಿನ ಪತ್ರ, ವರದಿ, ಆದೇಶ ಎಲ್ಲ ದಿನಾಂಕದ ಸಮೇತ ಪಟ್ಟಿಯಾಗಿರುತ್ತದೆ. ಆಮೇಲೆ ‘ಪ್ರಸ್ತಾವನೆ’, ಅದು ಯಾಕೆ ಬೇಕು ಅನ್ನೋ ಕಥೆ. ಆದೇಶದ ಭಾಗದ ಕೊನೆಯಲ್ಲಿ ಆರ್ಥಿಕ ಇಲಾಖೆ ಯಾವ ಟಿಪ್ಪಣಿಯಲ್ಲಿ ಯಾವತ್ತು ಸಹಮತಿ ಕೊಟ್ಟಿತು, ಯಾವ ದಿನದ ಸಂಪುಟ ಸಭೆಯಲ್ಲಿ ಒಪ್ಪಿಗೆ ಆಯಿತು ಅಂತ ಒಂದೆರಡು ಸಾಲು. ಅದರ ಕೆಳಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’. ಸಹಿ ಮಾತ್ರ ಅಧೀನ ಕಾರ್ಯದರ್ಶಿಯದ್ದು. ಮಂತ್ರಿ ಹೆಸರೇ ಇರುವುದಿಲ್ಲ. ಜನ ಮಂತ್ರಿಯನ್ನು ಬೈಯುತ್ತಾರೆ, ಆದೇಶದಲ್ಲಿ ಮಂತ್ರಿ ಎಲ್ಲೂ ಕಾಣುವುದಿಲ್ಲ.

ತಿಪಟೂರು ಕೊಬ್ಬರಿ

ಯಜಮಾನ್ರೇ, ‘ಚರ್ಚಿಸಿ’ ಅಂತ ಬರೆಸೋದು ಹೇಗೆ ಅಂತ ನನ್ನ ಹೆಂಡತಿಗೆ ಗೊತ್ತಾಗದಿರಲಿ. ಮನೆ ಪೇಂಟಿಂಗ್ ಕಡತ ಅದೇ ದಾರಿಯಲ್ಲಿ ಇದೆ.

ಗುಬ್ಬಿಯವನು

ಸಾರ್, ಒಳ್ಳೆ ಮಾಹಿತಿ. ಆದರೆ ಶಿರಾ ರೋಡ್ ಹೇಳಿದ್ದಕ್ಕೆ ಪೂರ್ತಿ ಉತ್ತರ ಸಿಗಲಿಲ್ಲ. ಮುಖ್ಯಮಂತ್ರಿ ಮೊದಲೇ ತೀರ್ಮಾನ ಮಾಡಿಬಿಟ್ಟರೆ?

ಹಳೇ ಸೆಕ್ಷನ್ ಆಫೀಸರ್

ಅದಕ್ಕೂ ದಾರಿ ಇದೆ, ಘಟನೋತ್ತರ ಅನುಮೋದನೆ ಅಂತ. ತುರ್ತು ಇದ್ದರೆ ಮುಖ್ಯಮಂತ್ರಿ ಮೊದಲು ಒಪ್ಪಿಗೆ ಕೊಟ್ಟು ಆಮೇಲೆ ಸಂಪುಟದ ಮುಂದೆ ಇಡಬಹುದು. ಪ್ರವಾಹ, ಬರ ಬಂದಾಗ ಇದು ಬೇಕೇ ಬೇಕು. ಪ್ರವಾಹ ಇಲ್ಲದಾಗಲೂ ಬಳಸುತ್ತಾರೆ ಅನ್ನೋದೇ ಕಾಯಿಲೆ.

ಮಧುಗಿರಿ ಮೇಷ್ಟ್ರು

ಇದರ ಅತಿ ದೊಡ್ಡ ಉದಾಹರಣೆ 1975ರ ತುರ್ತು ಪರಿಸ್ಥಿತಿ. ಜೂನ್ 25ರ ರಾತ್ರಿ ರಾಷ್ಟ್ರಪತಿ ಸಹಿ ಬಿತ್ತು, ಕೇಂದ್ರ ಸಂಪುಟ ಸೇರಿದ್ದು ಮಾರನೇ ದಿನ ಬೆಳಿಗ್ಗೆ. ಮಂತ್ರಿಗಳಿಗೆ ಬಹುಪಾಲು ಅಲ್ಲೇ ಗೊತ್ತಾಗಿದ್ದು. ಅದಕ್ಕೇ 1978ರಲ್ಲಿ 44ನೇ ತಿದ್ದುಪಡಿ ತಂದು, ಸಂಪುಟದ ತೀರ್ಮಾನ ಬರವಣಿಗೆಯಲ್ಲಿ ತಲುಪದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಅಂತ 352ನೇ ವಿಧಿಗೆ ಸೇರಿಸಿದರು. ಶಿರಾ ರೋಡ್ ಅವರೇ, ತಲೆ ಅಲ್ಲಾಡಿಸೋ ಸಭೆಯೇ ಆದರೂ ಅದು ಇರಬೇಕು ಅಂತ ದೇಶ ಪೆಟ್ಟು ತಿಂದು ಕಲಿತದ್ದು.

ಶಿರಾ ರೋಡ್

ಸರಿ ಮೇಷ್ಟ್ರೇ. ಹಾಗಾದರೆ 2019ರಲ್ಲಿ ಏನಾಯಿತು? ಯಡಿಯೂರಪ್ಪ ಜುಲೈ 26ಕ್ಕೆ ಪ್ರಮಾಣವಚನ ತಗೊಂಡರು. ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ, 17 ಜನ. ಮಧ್ಯದಲ್ಲಿ ಉತ್ತರ ಕರ್ನಾಟಕ ಮುಳುಗಿತ್ತು. ಸಂಪುಟ ಅಂದರೆ ಒಬ್ಬರೇ. ಸಾಮೂಹಿಕ ಹೊಣೆ ಯಾರ ಜೊತೆ?

ಮಧುಗಿರಿ ಮೇಷ್ಟ್ರು

ಒಳ್ಳೆ ಏಟು. 2003ರ 91ನೇ ತಿದ್ದುಪಡಿ ಪ್ರಕಾರ ರಾಜ್ಯದಲ್ಲಿ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳು ವಿಧಾನಸಭೆಯ ಶೇಕಡ 15 ಮೀರಬಾರದು, 12 ಜನಕ್ಕಿಂತ ಕಡಿಮೆಯೂ ಇರಬಾರದು. ನಮ್ಮ 224ಕ್ಕೆ ಲೆಕ್ಕ ಹಾಕಿದರೆ 33.6, ಇಲ್ಲಿ 34ರವರೆಗೆ ತುಂಬುತ್ತಾರೆ. ಮೇಲಿನ ಮಿತಿ ಎಲ್ಲರಿಗೂ ಬಾಯಿಪಾಠ, ಯಾಕಂದರೆ ಕುರ್ಚಿ ಸಿಗದವರು ಅದನ್ನು ನೆನಪಿಸುತ್ತಾ ಇರುತ್ತಾರೆ. ಕೆಳಗಿನ ಮಿತಿ ಕೇಳುವವರು ಕಡಿಮೆ. ಎಷ್ಟು ದಿನದೊಳಗೆ 12 ಆಗಬೇಕು ಅಂತ ಅದರಲ್ಲಿ ಬರೆದಿಲ್ಲ. ನನ್ನ ಪ್ರಕಾರ ಅದು ತಿದ್ದುಪಡಿಯಲ್ಲಿ ಉಳಿದ ದೊಡ್ಡ ತೂತು.

ಕುಣಿಗಲ್ ಕಡೆಯವಳು

ನಮ್ಮ ಮನೆ ಹತ್ತಿರ ಒಂದು ನಿಗಮದ ಅಧ್ಯಕ್ಷರ ಕಾರು ಬರುತ್ತದೆ. ‘ಸಂಪುಟ ದರ್ಜೆ’ ಅಂತಾರೆ. ಅವರೂ ಈ 34ರ ಒಳಗೆ ಬರುತ್ತಾರಾ?

ಹಳೇ ಸೆಕ್ಷನ್ ಆಫೀಸರ್

ಇಲ್ಲಮ್ಮ. ಅದು ಸ್ಥಾನಮಾನ ಅಷ್ಟೇ. ಕಾರು, ಸಿಬ್ಬಂದಿ, ಭತ್ಯೆ ಸಿಗುತ್ತದೆ. ಸಂಪುಟ ಸಭೆಯಲ್ಲಿ ಕೂರುವ ಹಾಗಿಲ್ಲ, ಗೋಪ್ಯತಾ ಪ್ರಮಾಣ ವಚನವೂ ಇಲ್ಲ. ಉಪಮುಖ್ಯಮಂತ್ರಿ ಹುದ್ದೆಯೂ ಸಂವಿಧಾನದಲ್ಲಿ ಇಲ್ಲ, ಆದರೆ ಅವರು ಮಂತ್ರಿ ಆಗಿರುವುದರಿಂದ ಕೂರುತ್ತಾರೆ. ಜಿಲ್ಲಾ ಉಸ್ತುವಾರಿ ಸಚಿವರೂ ಹಾಗೇ, ಅದು ಮುಖ್ಯಮಂತ್ರಿ ಹಂಚುವ ಕೆಲಸ. ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆ ನಡೆಸುತ್ತಾರೆ, ಅಧಿಕಾರಿಗಳಿಗೆ ಗದರಿಸುತ್ತಾರೆ. ಬೇರೆ ಇಲಾಖೆ ಕಡತಕ್ಕೆ ಸಹಿ ಹಾಕುವ ಅಧಿಕಾರ ಇಲ್ಲ. ನೀರಾವರಿ ಕಾಮಗಾರಿ ನಿಲ್ಲಿಸಿ ಅಂತ ಉಸ್ತುವಾರಿ ಸಚಿವರಿಗೆ ಮನವಿ ಕೊಟ್ಟರೆ ಅವರು ಅದನ್ನು ನೀರಾವರಿ ಸಚಿವರಿಗೆ ಕಳಿಸುತ್ತಾರೆ. ಅಷ್ಟಕ್ಕೇ ಮುಗಿಯಿತು.

ಕೋಲಾರದಿಂದ

ತುಮಕೂರಿನವರ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಿಮಗೆ ಇದು ಹೇಮಾವತಿ ಜಗಳ. ನಮ್ಮ ಕಡೆ ಮಂತ್ರಿಗಳು ಯಾರಿಗೆ ಉತ್ತರ ಕೊಡಬೇಕು ಅನ್ನೋ ವಿಷಯಕ್ಕೆ ದೊಡ್ಡ ಹೋರಾಟವೇ ನಡೆದಿದೆ.

ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು. ಕಷ್ಟ ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಇಳಿಸೋಕೆ ಆಗುತ್ತಿರಲಿಲ್ಲ. ದಿವಾನರು ಹೊಣೆ ಇದ್ದದ್ದು ಮಹಾರಾಜರಿಗೆ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ 1912ರಿಂದ 1918ರವರೆಗೆ ಹಾಗೇ ಕೆಲಸ ಮಾಡಿದರು. ನೇಮಕಾತಿಯಲ್ಲಿ ಹಿಂದುಳಿದವರಿಗೆ ಮೀಸಲು ಕೊಡುವ ವಿಷಯದಲ್ಲಿ ಮಹಾರಾಜರ ಜೊತೆ ಅಭಿಪ್ರಾಯ ಹೊಂದಿಕೆಯಾಗಲಿಲ್ಲ, ಹುದ್ದೆ ಬಿಟ್ಟರು. ಅವರ ಅಭಿಪ್ರಾಯ ಸರಿ ಅಂತ ನಾನು ಹೇಳುವುದಿಲ್ಲ, ಮಹಾರಾಜರ ಕಡೆಯೇ ನ್ಯಾಯ ಇತ್ತು. ಆದರೆ ಕೂತ ಜಾಗದಲ್ಲೇ ಕೂತು ಹೊರಗೆ ಗೊಣಗಲಿಲ್ಲ.

ಆಮೇಲೆ ಕಾಂಗ್ರೆಸ್ಸಿನವರು ಕೇಳಿದ್ದೇ ‘ಜವಾಬ್ದಾರಿ ಸರ್ಕಾರ’. ಮಂತ್ರಿಗಳು ಅರಮನೆಗೆ ಅಲ್ಲ, ಜನ ಆರಿಸಿದ ಸಭೆಗೆ ಉತ್ತರ ಕೊಡಬೇಕು ಅಂತ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರು ಹತ್ತಿರ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದವರ ಮೇಲೆ ಗುಂಡು ಹಾರಿತು. ಆಗ ಅದು ಕೋಲಾರ ಜಿಲ್ಲೆ. 1947ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಚಲೋ ಮಾಡಬೇಕಾಯಿತು. ಅದಾದ ಮೇಲೆ ಅಕ್ಟೋಬರ್‌ನಲ್ಲಿ ಮೊದಲ ಮುಖ್ಯಮಂತ್ರಿ ಆದವರು ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಹೀಗೆ ಸಿಕ್ಕಿದ್ದನ್ನು ಬೋಂಡಾ ಸಭೆ ಅಂದರೆ ಸ್ವಲ್ಪ ಉರಿಯುತ್ತದೆ.

ಶಿರಾ ರೋಡ್

ಅಣ್ಣ, ಗುಂಡು ತಿಂದವರ ಮೇಲೆ ನನಗೂ ಗೌರವ ಇದೆ. ಬೋಂಡಾ ಸಭೆ ಮಾಡಿದ್ದು ಅವರಲ್ಲ, ಇವರು. ನಿಮ್ಮ ಪಕ್ಕದ ನಂದಿ ಬೆಟ್ಟಕ್ಕೆ 2025ರ ಜುಲೈ 2ರಂದು ಇಡೀ ಸಂಪುಟ ಬಂತಲ್ಲ, ಅದರಿಂದ ಏನಾಯಿತು? ಬಾಗೇಪಲ್ಲಿ ಹೋಗಿ ಭಾಗ್ಯನಗರ.

ಕೋಲಾರದಿಂದ

ಹೆಸರು ಬದಲಾವಣೆ ಒಂದೇ ಅಲ್ಲ, ಬೇರೆ ವಿಷಯಗಳೂ ಬಂದವು. ಆದರೆ ಬೆಟ್ಟದ ಮೇಲೆ ಕೂತರೂ ವಿಧಾನಸೌಧದಲ್ಲಿ ಕೂತರೂ ತೀರ್ಮಾನದ ತೂಕ ಒಂದೇ. ಪ್ರಯೋಜನ ಅಂದರೆ ಸಭೆಗೆ ಮುಂಚೆ ಜಿಲ್ಲೆಯ ಹಳೇ ಕಡತಗಳಿಗೆ ಜೀವ ಬರುತ್ತದೆ. ರಸ್ತೆಗೂ ಟಾರು ಬೀಳುತ್ತದೆ, ಅದು ಬೇರೆ.

ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆ ನೋಡಿ. 2012ರಲ್ಲಿ 8 ಸಾವಿರ ಕೋಟಿ ಚಿಲ್ಲರೆ ಇದ್ದದ್ದು ಈಗ 23 ಸಾವಿರ ಕೋಟಿ ದಾಟಿದೆ. ಇಷ್ಟು ವರ್ಷದಲ್ಲಿ ಎಲ್ಲ ಪಕ್ಷದವರೂ ಸಂಪುಟದಲ್ಲಿ ಕೂತು ಹೋದರು. ಪರಿಷ್ಕೃತ ಅಂದಾಜು ಬಂದಾಗೆಲ್ಲ ಒಪ್ಪಿದರು. ಒಬ್ಬ ಮಂತ್ರಿಯೂ ‘ಹನಿ ನೀರು ಕೋಲಾರಕ್ಕೆ ಬಾರದೆ ದುಡ್ಡು ಯಾಕೆ ಏರಿತು’ ಅಂತ ರಾಜೀನಾಮೆ ಕೊಡಲಿಲ್ಲ. ಗುಬ್ಬಿಯವನಿಗೆ ಅವರ ಮಂತ್ರಿ ಸುಮ್ಮನಿದ್ದರು ಅಂತ ಸಿಟ್ಟು. ನನಗೆ ಎಲ್ಲರೂ ಒಪ್ಪಿದರು ಅಂತ ಸಿಟ್ಟು.

ಗುಬ್ಬಿಯವನು

ಸರಿ, ಒಪ್ಪೋಣ. ಮಂತ್ರಿ ಆದವರು ಹೊರಗೆ ವಿರೋಧ ಮಾಡುವಂತಿಲ್ಲ. ಹಾಗಿದ್ದರೆ ಶಾಸಕರು ಮಾಡಬಹುದಾ? ನಮ್ಮ ಹೋರಾಟದಲ್ಲಿ ವೇದಿಕೆ ಹತ್ತಿದವರು ಅವರೇ ಅಲ್ವಾ.

ಮಧುಗಿರಿ ಮೇಷ್ಟ್ರು

ಮಾಡಬಹುದು. ಆಡಳಿತ ಪಕ್ಷದ ಶಾಸಕರಿಗೂ ಸಾಮೂಹಿಕ ಹೊಣೆ ಅನ್ವಯಿಸುವುದಿಲ್ಲ, ಅದು ಮಂತ್ರಿಗಳಿಗೆ ಮಾತ್ರ. ಅವರಿಗೆ ಇರುವುದು ಪಕ್ಷದ ಶಿಸ್ತು, ಸದನದಲ್ಲಿ ವಿಪ್, ಅಂದರೆ ಹೇಗೆ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ. ಬೀದಿಯಲ್ಲಿ ಬೈದರೆ ನೋಟಿಸ್ ಬರಬಹುದು, ಸ್ಥಾನ ಹೋಗುವುದಿಲ್ಲ. ಸದನದಲ್ಲಿ ಚುಕ್ಕೆ ಗುರುತಿನ, ಅಂದರೆ ಬಾಯಿಮಾತಿನ ಉತ್ತರ ಬೇಡುವ ಪ್ರಶ್ನೆ ಹಾಕಿದರೆ ನೀರಾವರಿ ಮಂತ್ರಿ ಎದ್ದು ನಿಂತು ಉತ್ತರ ಕೊಡಲೇಬೇಕು. ನನ್ನ ಕೇಳಿದರೆ ಜಿಲ್ಲೆಗೆ ಮಂತ್ರಿ ಸ್ಥಾನ ಬೇಕು ಅಂತ ಬಡಿದಾಡುವುದಕ್ಕಿಂತ ಚೆನ್ನಾಗಿ ಪ್ರಶ್ನೆ ಕೇಳುವ ಇಬ್ಬರು ಶಾಸಕರು ಸಿಕ್ಕರೆ ಲಾಭ ಜಾಸ್ತಿ. ಮಂತ್ರಿಯಾದ ಮರುದಿನದಿಂದ ಅವರು ಪ್ರಶ್ನೆ ಕೇಳುವ ಕಡೆಯಲ್ಲಿ ಇರುವುದಿಲ್ಲ.

ತಿಪಟೂರು ಕೊಬ್ಬರಿ

ಇದನ್ನ ಪೋಸ್ಟರ್ ಮಾಡಿಸಿ ಟೌನ್‌ಹಾಲ್ ಸರ್ಕಲ್‌ನಲ್ಲಿ ಹಾಕಿಸಬೇಕು. ‘ನಮ್ಮವರು ಮಂತ್ರಿಯಾದರು’ ಅಂತ ಪಟಾಕಿ ಹೊಡೆಯುವವರಿಗೆ.

ಕುಣಿಗಲ್ ಕಡೆಯವಳು

ಒಂದು ಕಡೆ ಮಾತ್ರ ಮೇಷ್ಟ್ರ ಜೊತೆ ನನಗೆ ತಕರಾರು. ಒಳಗೆ ಏನು ಮಾತಾಡಿದರು ಅನ್ನೋದು ಗುಟ್ಟಾಗಿರಲಿ, ಪರವಾಗಿಲ್ಲ. ಆದರೆ ಯಾವ ಆಧಾರದ ಮೇಲೆ ತೀರ್ಮಾನ ಆಯಿತು ಅನ್ನೋದೂ ಗುಟ್ಟಾ? ಎಷ್ಟು ನೀರು, ಯಾವ ಮಟ್ಟದಿಂದ, ಗುಬ್ಬಿಗೆ ಎಷ್ಟು ಉಳಿಯುತ್ತದೆ. ಇದು ಸಿಕ್ಕಿದ್ದರೆ ನಮ್ಮ ಎರಡು ತಾಲ್ಲೂಕಿನ ಮಧ್ಯೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ.

ಹಳೇ ಸೆಕ್ಷನ್ ಆಫೀಸರ್

ಗುಟ್ಟಲ್ಲ. ಇದನ್ನೇ ಹೇಳಬೇಕು ಅಂತ ಕಾಯುತ್ತಿದ್ದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಐ) ನೋಡಿ. ಸಂಪುಟದ ಕಾಗದಪತ್ರ, ಮಂತ್ರಿಗಳ, ಕಾರ್ಯದರ್ಶಿಗಳ ಚರ್ಚೆಯ ದಾಖಲೆ ಕೊಡಬೇಕಿಲ್ಲ ಅಂತ ಇದೆ. ಬಹಳ ಜನ ಅಷ್ಟಕ್ಕೇ ಓದಿ ಬಿಡುತ್ತಾರೆ, ಕಚೇರಿಯವರೂ ಅಷ್ಟನ್ನೇ ತೋರಿಸುತ್ತಾರೆ. ಅದರ ಕೆಳಗಿನ ಸಾಲು ಮುಖ್ಯ. ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಆ ತೀರ್ಮಾನ, ಅದರ ಕಾರಣ, ಯಾವ ಸಾಮಗ್ರಿಯ ಆಧಾರದ ಮೇಲೆ ತೀರ್ಮಾನಿಸಿದರು ಅನ್ನೋದನ್ನು ಬಹಿರಂಗ ಮಾಡಬೇಕು.

‘ನಮ್ಮ ಮಂತ್ರಿ ಏನು ಹೇಳಿದರು’ ಅಂತ ಕೇಳಬೇಡಿ, ಸಿಗುವುದಿಲ್ಲ. ಆದೇಶದ ಸಂಖ್ಯೆ, ದಿನಾಂಕ ಬರೆದು, ಅದಕ್ಕೆ ಆಧಾರವಾದ ಸಂಪುಟ ಟಿಪ್ಪಣಿ, ಆರ್ಥಿಕ ಇಲಾಖೆಯ ಅಭಿಪ್ರಾಯ, ತಾಂತ್ರಿಕ ವರದಿ, ನೀರಿನ ಹಂಚಿಕೆ ಲೆಕ್ಕ ಇಷ್ಟರ ದೃಢೀಕೃತ ಪ್ರತಿ ಕೊಡಿ ಅಂತ ಕೇಳಿ. ಆರ್ಥಿಕ ಇಲಾಖೆ ಒಪ್ಪದೇ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ. ಶುಲ್ಕ 10 ರೂಪಾಯಿ. ಜಲಸಂಪನ್ಮೂಲ ಇಲಾಖೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಗುಬ್ಬಿಯವನು

ಸಾರ್, ಆದೇಶದ ಸಂಖ್ಯೆ ನನ್ನ ಹತ್ತಿರ ಇಲ್ಲ.

ಕುಣಿಗಲ್ ಕಡೆಯವಳು

ಪ್ರತಿ ನನ್ನ ಹತ್ತಿರ ಇದೆ ಅಣ್ಣ, ಮೆಸೇಜ್ ಮಾಡಿ ಕಳಿಸುತ್ತೇನೆ. ಅರ್ಜಿಯಲ್ಲಿ ಕುಣಿಗಲ್ ಪಾಲಿನ ಲೆಕ್ಕವನ್ನೂ ಕೇಳಿ, ನಿಮ್ಮದೊಂದೇ ಬೇಡ.